ಭಯದಿಂದ ಭಕ್ತಿಗೆ: ರಮ್ಯಪಂಥದ ಪರ್ವತಚಿತ್ರಗಳು ಬೆಳೆದ ಬಗೆ

ಯೂರೋಪಿನ ಚಿತ್ರಕಲೆಯಲ್ಲಿ ಪರ್ವತಕ್ಕೆ ತನ್ನದೇ ಆದ ಸ್ಥಾನ ಸಿಕ್ಕಿದ್ದು ಬಹಳ ತಡವಾಗಿ. ಹದಿನೇಳನೆಯ ಶತಮಾನ ಮುಗಿಯುವವರೆಗೂ ಬೆಟ್ಟಗಳು ಸಾಮಾನ್ಯವಾಗಿ ಚಿತ್ರದ ಹಿನ್ನೆಲೆಯಲ್ಲಿ, ಯಾವುದೋ ಸಂತನ ಅಥವಾ ಪುರಾಣಪುರುಷನ ಬೆನ್ನ ಹಿಂದೆ, ಮಸುಕು ನೀಲಿಯ ಗೆರೆಗಳಾಗಿ ನಿಲ್ಲುತ್ತಿದ್ದವು. ಪೀಟರ್ ಬ್ರೂಗಲ್‌ನಂಥ ಕೆಲವರು ಆಲ್ಪ್ಸ್ ಸಾಲನ್ನು ಅಕ್ಕರೆಯಿಂದ ಬರೆದದ್ದುಂಟು, ಅದು ರೂಢಿಯಾಗಲಿಲ್ಲ. ಇಟಲಿಗೆ ಹೊರಟ ವ್ಯಾಪಾರಿಗಳಿಗೂ ಯಾತ್ರಿಕರಿಗೂ ಆಲ್ಪ್ಸ್ ಎಂದರೆ ದಾರಿಗೆ ಅಡ್ಡ ನಿಂತ ಕಂಟಕ. ಹಿಮಪಾತ, ಕೊರಕಲು, ಕೊರೆಯುವ ಚಳಿ ಇವನ್ನೆಲ್ಲ ದಾಟಿ ಜೀವಸಹಿತ ಆಚೆ ಇಳಿದರೆ ಸಾಕು ಎಂಬುದೇ ಅವರ ಪ್ರಾರ್ಥನೆ. 1681ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ಬರ್ನೆಟ್ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥವೊಂದು ಈ ಭಾವನೆಗೆ ಧರ್ಮಶಾಸ್ತ್ರದ ಆಧಾರವನ್ನೂ ಒದಗಿಸಿತು. ದೇವರು ಸೃಷ್ಟಿಸಿದ ಮೂಲ ಭೂಮಿ ನುಣುಪಾಗಿತ್ತು. ಮನುಷ್ಯರ ಪಾಪಕ್ಕಾಗಿ ಬಂದ ಪ್ರಳಯದಲ್ಲಿ ಅದು ಒಡೆದು, ಉಳಿದ ಚೂರುಗಳೇ ಪರ್ವತಗಳಾದವು ಎಂದು ಆತ ವಾದಿಸಿದ. ಆದರೆ ಅದೇ ಗ್ರಂಥದಲ್ಲಿ ಆ ಚೂರುಗಳ ಅಗಾಧತೆಯ ಎದುರು ಆತ ಬೆರಗಾಗಿಯೂ ನಿಲ್ಲುತ್ತಾನೆ. ಮುಂದಿನ ನೂರು ವರ್ಷಗಳಲ್ಲಿ ಈ ಬೆರಗೇ ಮೇಲುಗೈ ಪಡೆಯಿತು.

ಬದಲಾವಣೆ ಮೊದಲು ಕಾಣಿಸಿಕೊಂಡದ್ದು ಬರಹದಲ್ಲಿ. 1688ರಲ್ಲಿ ಆಲ್ಪ್ಸ್ ದಾಟಿದ ಇಂಗ್ಲಿಷ್ ವಿಮರ್ಶಕ ಜಾನ್ ಡೆನ್ನಿಸ್, ಪ್ರಪಾತದ ಅಂಚಿನಲ್ಲಿ ತನಗೆ ಭಯವೂ ಸುಖವೂ ಒಟ್ಟಿಗೇ ಆದುದನ್ನು ದಾಖಲಿಸಿದ. 1732ರಲ್ಲಿ ಬರ್ನ್ ನಗರದ ವೈದ್ಯ ಹಾಗೂ ಸಸ್ಯವಿಜ್ಞಾನಿ ಆಲ್ಬ್ರೆಕ್ಟ್ ಫಾನ್ ಹಾಲರ್ ಆಲ್ಪ್ಸ್ ಕುರಿತು ಪ್ರಕಟಿಸಿದ ದೀರ್ಘ ಕವಿತೆ, ಬೆಟ್ಟದ ಜನರ ಸರಳ ಬಾಳನ್ನು ನಗರದ ಆಡಂಬರದ ಎದುರು ನಿಲ್ಲಿಸಿ ಕೊಂಡಾಡಿತು. 1761ರಲ್ಲಿ ರೂಸೋ ಪ್ರಕಟಿಸಿದ ಕಾದಂಬರಿ ಜಿನೀವಾ ಸರೋವರದ ಸುತ್ತಲಿನ ಬೆಟ್ಟಗಳನ್ನು ಪ್ರೇಮದ, ಶುದ್ಧ ಮನಸ್ಸಿನ ನೆಲೆಯಾಗಿ ಚಿತ್ರಿಸಿದಾಗ, ಓದುಗರು ಆ ಜಾಗಗಳನ್ನು ಹುಡುಕಿಕೊಂಡು ಹೊರಟರು.

ಈ ಭಾವನೆಗೆ ಸಿದ್ಧಾಂತದ ರೂಪ ಕೊಟ್ಟವನು ಎಡ್ಮಂಡ್ ಬರ್ಕ್. ಸುಂದರವಾದದ್ದು ಮತ್ತು ಭವ್ಯವಾದದ್ದು ಎರಡೂ ಬೇರೆ ಬೇರೆ ಎಂದು 1757ರ ತನ್ನ ಗ್ರಂಥದಲ್ಲಿ ಆತ ವಿಂಗಡಿಸಿದ. ನಯ, ಮಿತವಾದ ಗಾತ್ರ, ಕೋಮಲ ತಿರುವುಗಳು ಸೌಂದರ್ಯದ ಲಕ್ಷಣ. ಅಪಾರತೆ, ಕತ್ತಲು, ಒರಟುತನ, ಅದಮ್ಯ ಬಲ ಭವ್ಯತೆಯ ಲಕ್ಷಣ. ಭವ್ಯದ ಮೂಲ ಭಯವೇ; ಆದರೆ ಅಪಾಯ ಮೈಮೇಲೆ ಬಿದ್ದರೆ ಉಳಿಯುವುದು ಬರೀ ಸಂಕಟ, ತುಸು ದೂರದಲ್ಲಿದ್ದರೆ ಅದೇ ಒಂದು ಬಗೆಯ ಆನಂದ. 1790ರಲ್ಲಿ ಜರ್ಮನ್ ದಾರ್ಶನಿಕ ಕಾಂಟ್ ಇದಕ್ಕೆ ಇನ್ನೊಂದು ಮಾತು ಸೇರಿಸಿದ: ಪ್ರಕೃತಿಯ ಮುಂದೆ ದೇಹ ಅಲ್ಪವೆನಿಸಿದಾಗ, ಆ ಅಗಾಧತೆಯನ್ನು ಚಿಂತಿಸಬಲ್ಲ ತನ್ನ ವಿವೇಕದ ಹಿರಿಮೆ ಮನುಷ್ಯನಿಗೆ ಅರಿವಾಗುತ್ತದೆ. ಬರ್ಕ್ ಹೇಳಿದ ಈ ಸುರಕ್ಷಿತ ದೂರವನ್ನು ಚಿತ್ರಪಟದಷ್ಟು ಚೆನ್ನಾಗಿ ಒದಗಿಸಬಲ್ಲ ಸಾಧನ ಇನ್ನೊಂದಿರಲಿಲ್ಲ. ಕೋಣೆಯೊಳಗೆ ಬೆಚ್ಚಗೆ ನಿಂತು ಹಿಮಕುಸಿತವನ್ನು ನೋಡುವ ಅವಕಾಶವೇ ಪರ್ವತಚಿತ್ರದ ಮೊದಲ ಸೆಳೆತ.

ಹಿಮನದಿಯ ಮೇಲೆ ಕುಂಚ

ಭಾವನೆಯ ಜೊತೆಜೊತೆಗೇ ವಿಜ್ಞಾನವೂ ಬೆಟ್ಟ ಹತ್ತುತ್ತಿತ್ತು. ಜಿನೀವಾದ ವಿಜ್ಞಾನಿ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1760ರಲ್ಲಿ ಮೊಂ ಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಘೋಷಿಸಿದ. 1786ರ ಆಗಸ್ಟ್ 8ರಂದು ಶಾಮೊನಿ ಕಣಿವೆಯ ಜಾಕ್ ಬಾಲ್ಮಾ ಮತ್ತು ವೈದ್ಯ ಮಿಶೆಲ್ ಗಾಬ್ರಿಯೆಲ್ ಪಕಾರ್ ತುದಿ ಮುಟ್ಟಿದರು. ಮರುವರ್ಷ ಸೊಸ್ಯೂರ್ ತಾನೇ ಉಪಕರಣಗಳನ್ನು ಹೊರಿಸಿಕೊಂಡು ಹತ್ತಿ ಗಾಳಿಯ ಒತ್ತಡವನ್ನೂ ಉಷ್ಣತೆಯನ್ನೂ ಅಳೆದ.

ಚಿತ್ರಕಾರರಲ್ಲಿ ಈ ಹಾದಿಯ ಮೊದಲಿಗ ಸ್ವಿಟ್ಜರ್ಲೆಂಡಿನ ಮೂರಿ ಗ್ರಾಮದ ಕ್ಯಾಸ್ಪರ್ ವೋಲ್ಫ್ (1735–1783). ಬರ್ನ್‌ನ ಪ್ರಕಾಶಕ ಆಬ್ರಹಾಂ ವಾಗ್ನರ್ 1770ರ ದಶಕದಲ್ಲಿ ಆತನಿಗೆ ಆಲ್ಪ್ಸ್ ನೋಟಗಳ ದೊಡ್ಡ ಮಾಲಿಕೆಯೊಂದನ್ನು ವಹಿಸಿದ. ಪಾದ್ರಿಯೂ ಪ್ರಕೃತಿವಿಜ್ಞಾನಿಯೂ ಆಗಿದ್ದ ಯಾಕೋಬ್ ಸಾಮುಯೆಲ್ ವಿಟನ್‌ಬಾಖ್ ಜೊತೆಗೂಡಿ ವೋಲ್ಫ್ ಹಿಮನದಿಗಳನ್ನು, ಜಲಪಾತಗಳನ್ನು, ಗವಿಗಳನ್ನು ಹುಡುಕಿಕೊಂಡು ಅಲೆದ. ಸ್ಥಳದಲ್ಲೇ ಕರಡು ತೆಗೆದು ಊರಿಗೆ ಮರಳಿ ದೊಡ್ಡ ತೈಲಚಿತ್ರಗಳನ್ನು ರಚಿಸಿದ. 1776ರ ಲೌಟೆರಾರ್ ಹಿಮನದಿಯ ಚಿತ್ರದಲ್ಲಿ ಮಂಜುಗಡ್ಡೆಯ ಮೇಲೆ ಒಂದು ಭಾರಿ ಬಂಡೆ ಕುಳಿತಿದೆ. ಅದರ ಎದುರು ಬೆರಳ ತುದಿಯಷ್ಟು ಚಿಕ್ಕದಾಗಿ ಮನುಷ್ಯರಿದ್ದಾರೆ. ಅವರನ್ನು ಕಂಡಮೇಲೆಯೇ ಬಂಡೆಯ ಗಾತ್ರ, ಅದರಿಂದ ಹಿಮನದಿಯ ಹರವು ಕಣ್ಣಿಗೆ ಅಂದಾಜಾಗುವುದು. ರಮ್ಯಪಂಥದ ಪರ್ವತಚಿತ್ರಗಳೆಲ್ಲ ಮುಂದೆ ಬಳಸಿದ ಅಳತೆಗೋಲು ಇದೇ.

ವಾಗ್ನರ್‌ನ ಸಾಹಸಕ್ಕೆ ಮಾರುಕಟ್ಟೆಯಲ್ಲಿ ಜಯ ಸಿಗಲಿಲ್ಲ. ವೋಲ್ಫ್ ಬಡತನದಲ್ಲೇ ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡ. ಆದರೆ ಗ್ರಿಂಡೆಲ್‌ವಾಲ್ಡ್‌ನ ಹಿಮನದಿಯ ಆತನ ಚಿತ್ರಗಳು ಎಷ್ಟು ನಿಖರವಾಗಿವೆಯೆಂದರೆ, ಹದಿನೆಂಟನೆಯ ಶತಮಾನದಲ್ಲಿ ಹಿಮದ ಅಂಚು ಕಣಿವೆಯಲ್ಲಿ ಎಲ್ಲಿಯವರೆಗೆ ಇಳಿದಿತ್ತು ಎಂದು ತಿಳಿಯಲು ಹವಾಮಾನದ ಇತಿಹಾಸಕಾರರು ಅವನ್ನು ಸಾಕ್ಷ್ಯವಾಗಿ ಬಳಸಿಕೊಂಡಿದ್ದಾರೆ.

ಟರ್ನರನ ಬಿರುಗಾಳಿ

1802ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಆಮಿಯಾಂ ಒಪ್ಪಂದವಾಗಿ ಯುದ್ಧ ಸ್ವಲ್ಪಕಾಲ ನಿಂತಿತು. ಅದೇ ಬೇಸಿಗೆಯಲ್ಲಿ 27 ವರ್ಷದ ಜೆ. ಎಂ. ಡಬ್ಲ್ಯು. ಟರ್ನರ್ ಆಲ್ಪ್ಸ್‌ಗೆ ಹೊರಟ. ಶಾಮೊನಿ, ಸೇಂಟ್ ಗೊಟಾರ್ಡ್ ಕಣಿವೆಮಾರ್ಗ, ರೈಖನ್‌ಬಾಖ್ ಜಲಪಾತ ಎಲ್ಲವನ್ನೂ ನೋಡಿ ನೂರಾರು ಕರಡುಚಿತ್ರಗಳೊಂದಿಗೆ ಮರಳಿದ. ಮತ್ತೆ ಯುದ್ಧ ಶುರುವಾಗಿ ಭೂಖಂಡದ ಬಾಗಿಲು ಮುಚ್ಚಿದಾಗ, ಈ ಒಂದು ಪ್ರವಾಸದ ಕರಡುಪುಸ್ತಕಗಳೇ ಆತನಿಗೆ ಹಲವು ವರ್ಷ ಬಂಡವಾಳವಾದವು.

1810ರಲ್ಲಿ ಟರ್ನರ್ ಪ್ರದರ್ಶಿಸಿದ ಹಿಮಕುಸಿತದ ಚಿತ್ರದಲ್ಲಿ ಒಂದೇ ಒಂದು ಮನುಷ್ಯಾಕೃತಿ ಇಲ್ಲ. ಬಂಡೆಯೊಂದು ಮರದ ಗುಡಿಸಿಲನ್ನು ಜಜ್ಜುತ್ತಿದೆ, ಅದರ ಹಿಂದೆಯೇ ಹಿಮದ ರಾಶಿ ಇಳಿಯುತ್ತಿದೆ. ಬಣ್ಣವನ್ನು ದಪ್ಪವಾಗಿ ಮೆತ್ತಿದ್ದರಿಂದ ಹಿಮದ ಭಾರ ಬಣ್ಣದ ಭಾರವಾಗಿಯೇ ಕಾಣುತ್ತದೆ. ಎರಡು ವರ್ಷಗಳ ನಂತರ ಬಂದದ್ದು ಹ್ಯಾನಿಬಲ್ ಸೇನೆ ಆಲ್ಪ್ಸ್ ದಾಟುವ ಚಿತ್ರ. ಕ್ರಿ.ಪೂ. 218ರಲ್ಲಿ ಆನೆಗಳೊಂದಿಗೆ ಪರ್ವತ ದಾಟಿದ ಕಾರ್ತೇಜಿನ ಸೇನಾನಿಯ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ನೋಡುಗರು ಆ ವೀರನನ್ನು ಹುಡುಕಿದರೆ ಸಿಗುವುದು ದೂರದಲ್ಲಿ ಇರುವೆಯಷ್ಟು ಚಿಕ್ಕದಾದ ಒಂದು ಆನೆ. ಪಟದ ಬಹುಪಾಲನ್ನು ಸುರುಳಿ ಸುತ್ತುವ ಕಪ್ಪು ಬಿರುಗಾಳಿ ಆಕ್ರಮಿಸಿಕೊಂಡಿದೆ; ಸೂರ್ಯ ಮಸಿಯ ನಡುವೆ ಮಸುಕಾಗಿ ಉರಿಯುತ್ತಾನೆ; ಕೆಳಗೆ ಹಿಂದುಳಿದ ಸೈನಿಕರನ್ನು ಬೆಟ್ಟದ ಜನ ಕೊಂದು ದೋಚುತ್ತಿದ್ದಾರೆ. ಈ ಚಿತ್ರವನ್ನು ಗೋಡೆಯ ಮೇಲೆ ತಗ್ಗಿನಲ್ಲೇ ತೂಗುಹಾಕಬೇಕೆಂದು ಟರ್ನರ್ ಹಟ ಹಿಡಿದ. ನೋಡುವವನು ಬಿರುಗಾಳಿಯ ಬಾಯೊಳಗೇ ನಿಲ್ಲಲಿ ಎಂಬುದು ಆತನ ಉದ್ದೇಶ. ನೆಪೋಲಿಯನ್ 1800ರಲ್ಲಿ ಆಲ್ಪ್ಸ್ ದಾಟಿದ್ದ. ಚಿತ್ರ ಪ್ರದರ್ಶನಕ್ಕೆ ಬಂದ 1812ರಲ್ಲೇ ರಷ್ಯಾದ ಹಿಮಕ್ಕೆ ಸೇನೆ ನಡೆಸಿದ. ಸಾಮ್ರಾಟರ ಮಹತ್ವಾಕಾಂಕ್ಷೆಗಿಂತ ಬೆಟ್ಟ ದೊಡ್ಡದು ಎಂಬುದನ್ನು ಅಂದಿನ ನೋಡುಗರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುಪ್ಪಿನಲ್ಲಿ ಟರ್ನರ್ ಕಂಡ ಬೆಟ್ಟ ಬೇರೆ. 1841ರಿಂದ 1844ರವರೆಗೆ ಪ್ರತಿ ಬೇಸಿಗೆ ಸ್ವಿಟ್ಜರ್ಲೆಂಡಿಗೆ ಹೋಗಿ, ಲುಸರ್ನ್ ಸರೋವರದ ಆಚೆಗಿನ ರೀಗಿ ಪರ್ವತವನ್ನು ಬೆಳಗು ಬೈಗುಗಳಲ್ಲಿ ಮತ್ತೆ ಮತ್ತೆ ನೋಡಿದ. 1842ರ ನೀಲಿ ರೀಗಿ ಎಂಬ ಜಲವರ್ಣದಲ್ಲಿ ಗುಡುಗಿಲ್ಲ, ಪ್ರಪಾತವಿಲ್ಲ. ಸೂರ್ಯೋದಯಕ್ಕೆ ಮುನ್ನಿನ ತಿಳಿನೀಲಿಯಲ್ಲಿ ಬೆಟ್ಟ ಉಸಿರಿನಷ್ಟು ಹಗುರವಾಗಿ ನಿಂತಿದೆ. ಪದರದ ಮೇಲೆ ಪದರವಾಗಿ ತೆಳು ಬಣ್ಣ ಹಾಯಿಸಿ, ಬೆಳಕು ಬೇಕಾದಲ್ಲಿ ಬಣ್ಣವನ್ನು ಕೆರೆದು ಕಾಗದದ ಬಿಳಿಯನ್ನೇ ಹೊರತೆಗೆದಿದ್ದಾನೆ. ಮುಂಭಾಗದಲ್ಲಿ ನೀರಿನ ಬಾತುಗಳು ಬೆದರಿ ಹಾರುತ್ತಿವೆ; ಆ ಒಂದು ಕದಲಿಕೆಯಿಂದ ಉಳಿದೆಲ್ಲದರ ನಿಶ್ಚಲತೆ ಇಮ್ಮಡಿಯಾಗುತ್ತದೆ. ಟರ್ನರನನ್ನು ಸಮರ್ಥಿಸಲೆಂದೇ ಜಾನ್ ರಸ್ಕಿನ್ 1843ರಲ್ಲಿ ಆಧುನಿಕ ಚಿತ್ರಕಾರರ ಕುರಿತ ಗ್ರಂಥ ಆರಂಭಿಸಿದ. 1856ರಲ್ಲಿ ಬಂದ ಅದರ ನಾಲ್ಕನೆಯ ಸಂಪುಟ ಪೂರ್ತಿಯಾಗಿ ಪರ್ವತ ಸೌಂದರ್ಯಕ್ಕೇ ಮೀಸಲಾಯಿತು. ಶಿಲೆಯ ಪದರ, ಶಿಖರದ ಬಾಗು, ಮಂಜಿನ ಹರಿವುಗಳನ್ನು ಭೂವಿಜ್ಞಾನಿಯ ಶ್ರದ್ಧೆಯಿಂದ ವಿವರಿಸಿತು.

ಬೆನ್ನು ತಿರುಗಿಸಿ ನಿಂತ ಮನುಷ್ಯ

ಟರ್ನರ್ ಬೆಟ್ಟದ ಬಲವನ್ನು ಹಿಡಿದರೆ, ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಷ್ ಅದರ ಮೌನವನ್ನು ಹಿಡಿದ. 1774ರಲ್ಲಿ ಬಾಲ್ಟಿಕ್ ಕಡಲಂಚಿನ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿದ ಆತ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡ. 13ನೆಯ ವಯಸ್ಸಿನಲ್ಲಿ ತಮ್ಮ ನೀರುಪಾಲಾದುದನ್ನು ಕಣ್ಣಾರೆ ಕಂಡ. ಕೋಪನ್‌ಹೇಗನ್ನಿನಲ್ಲಿ ಕಲಿತು 1798ರಲ್ಲಿ ಡ್ರೆಸ್ಡೆನ್‌ಗೆ ಬಂದು ನೆಲೆಸಿದ.

1808ರ ಕ್ರಿಸ್‌ಮಸ್ ವೇಳೆಗೆ ಫ್ರೀಡ್ರಿಷ್ ತನ್ನ ಚಿತ್ರಶಾಲೆಯಲ್ಲಿ ಒಂದು ಪಟವನ್ನು ಜನರ ದರ್ಶನಕ್ಕಿಟ್ಟ. ಬಂಡೆಯ ನೆತ್ತಿಯಲ್ಲಿ ಶಿಲುಬೆ, ಸುತ್ತ ಫರ್ ಮರಗಳು, ಹಿಂದೆ ಮುಳುಗುವ ಸೂರ್ಯನ ಕಿರಣಗಳು. ಅದಕ್ಕೆ ಪೂಜಾವೇದಿಕೆಗೆ ತಕ್ಕಂಥ ಚಿನ್ನದ ಚೌಕಟ್ಟು. ಮರುವರ್ಷ ವಿಮರ್ಶಕ ರಾಮ್‌ಡೋರ್ ಇದನ್ನು ಕಟುವಾಗಿ ಖಂಡಿಸಿದ. ಚರ್ಚಿನ ವೇದಿಕೆಯ ಮೇಲೆ ನಿಸರ್ಗಚಿತ್ರ ಏರಿ ಕೂರುವುದು ಅವನಿಗೆ ಸಹಿಸಲಾಗದ ಅತಿಕ್ರಮಣವೆನಿಸಿತು. ಕಲಾವಿದನ ಗೆಳೆಯರು ಪ್ರತ್ಯುತ್ತರ ಬರೆದರು, ವಾದ ಪತ್ರಿಕೆಗಳಲ್ಲಿ ಬೆಳೆಯಿತು. ಆ ಹೊತ್ತಿಗೆ ಬೆಟ್ಟವೇ ಗುಡಿಯ ಸ್ಥಾನಕ್ಕೆ ಬಂದಿದೆ ಎಂಬುದನ್ನು ರಾಮ್‌ಡೋರ್‌ನ ಕೋಪವೇ ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿತು.

ಸುಮಾರು 1817ರಲ್ಲಿ ಚಿತ್ರಿಸಿದ ಮಂಜಿನ ಕಡಲ ಮೇಲಿನ ಅಲೆಮಾರಿ ಇಂದು ಆತನ ಅತ್ಯಂತ ಪರಿಚಿತ ಕೃತಿ. ಒಂದು ಮೀಟರಿಗಿಂತ ಕಡಿಮೆ ಎತ್ತರದ ಪಟ. ಕಡುಹಸಿರು ನಿಲುವಂಗಿ ತೊಟ್ಟ ಒಬ್ಬಾತ ಊರುಗೋಲು ಹಿಡಿದು ಕಪ್ಪು ಬಂಡೆಯ ತುದಿಯಲ್ಲಿ, ನಮಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಗಾಳಿಗೆ ಅವನ ಕೂದಲು ಕೆದರಿದೆ. ಕೆಳಗೆ ಮಂಜು ತುಂಬಿದ ಕಣಿವೆ, ಅದರಿಂದ ಅಲ್ಲಲ್ಲಿ ತಲೆಯೆತ್ತಿದ ಮರಳುಗಲ್ಲಿನ ಕೋಡುಗಳು, ಬಹುದೂರದಲ್ಲಿ ನೀಲಿ ಶಿಖರ. ಎಡಬಲದ ಇಳಿಜಾರುಗಳ ಗೆರೆಗಳು ಅವನ ಎದೆಯ ಬಳಿ ಬಂದು ಕೂಡುತ್ತವೆ. ಮುಖ ಕಾಣದಿರುವುದರಿಂದ ನೋಡುಗನ ಗಮನ ಅವನ ಮೇಲೆ ನಿಲ್ಲದೆ ಅವನು ನೋಡುತ್ತಿರುವುದರ ಕಡೆಗೆ ಸಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ನೋಡುಗ ಅವನ ಜಾಗದಲ್ಲಿ ತಾನಿರುವುದನ್ನು ಕಾಣುತ್ತಾನೆ. ಆದರೂ ಅವನ ಬೆನ್ನು ನೋಟದ ನಡುಭಾಗವನ್ನೇ ಮರೆಮಾಡಿದೆ. ಆಹ್ವಾನ ಮತ್ತು ಅಡ್ಡಿ ಎರಡೂ ಒಂದೇ ಆಕೃತಿಯಲ್ಲಿ ಸೇರಿರುವುದು ಈ ಚಿತ್ರದ ಗುಟ್ಟು.

ಆ ನೋಟ ಭೂಮಿಯ ಮೇಲೆ ಎಲ್ಲೂ ಹಾಗೆಯೇ ಇಲ್ಲ. ಡ್ರೆಸ್ಡೆನ್‌ನ ಆಗ್ನೇಯಕ್ಕೆ ಎಲ್ಬ್ ನದಿಯ ಇಕ್ಕೆಲಗಳಲ್ಲಿರುವ ಮರಳುಗಲ್ಲಿನ ಬೆಟ್ಟಗಳಲ್ಲಿ ಬೇರೆ ಬೇರೆ ದಿನ ಪೆನ್ಸಿಲಿನಿಂದ ಬರೆದುಕೊಂಡ ಬಂಡೆಗಳನ್ನು ಫ್ರೀಡ್ರಿಷ್ ಚಿತ್ರಶಾಲೆಯಲ್ಲಿ ಒಂದುಗೂಡಿಸಿದ. 1824–25ರ ವಾಟ್ಸ್‌ಮಾನ್ ಚಿತ್ರದಲ್ಲಿ ಈ ಕ್ರಮ ಇನ್ನೂ ಸ್ಪಷ್ಟ. ಬವೇರಿಯಾದ ಆ ಹಿಮಶಿಖರವನ್ನು ಆತ ಕಂಡವನೇ ಅಲ್ಲ, ಆಲ್ಪ್ಸ್‌ಗೆ ಹೋದವನೇ ಅಲ್ಲ. ಅಕಾಲದಲ್ಲಿ ತೀರಿಕೊಂಡ ಶಿಷ್ಯ ಆಗಸ್ಟ್ ಹೈನ್‌ರಿಷ್‌ನ ಜಲವರ್ಣದಿಂದ ಶಿಖರವನ್ನು, ತನ್ನ ಹಾರ್ಟ್ಸ್ ಬೆಟ್ಟಗಳ ಕರಡಿನಿಂದ ಮುಂಭಾಗದ ಬಂಡೆಯನ್ನು ತೆಗೆದುಕೊಂಡ. ಅದೇ ಶಿಖರವನ್ನು ಲುಡ್ವಿಗ್ ರಿಷ್ಟರ್ 1824ರಲ್ಲಿ ಜಲಪಾತ, ಮರಗಿಡ, ಮನೆಗಳಿಂದ ತುಂಬಿ ಚಿತ್ರಿಸಿದ್ದ. ಫ್ರೀಡ್ರಿಷ್‌ನ ಪಟದಲ್ಲಿ ಮನುಷ್ಯನೂ ಇಲ್ಲ, ಪ್ರಾಣಿಯೂ ಇಲ್ಲ, ದಾರಿಯೂ ಇಲ್ಲ. ಪ್ರತಿಯೊಂದು ಕಲ್ಲು ಎಲ್ಲೋ ಒಂದು ಕಡೆ ಕಣ್ಣಾರೆ ಕಂಡದ್ದು, ಒಟ್ಟು ಬೆಟ್ಟ ಮಾತ್ರ ಮನಸ್ಸಿನಲ್ಲಿ ಕಟ್ಟಿದ್ದು. ವಿವರದ ಸತ್ಯ ಮತ್ತು ಭಾವದ ಸತ್ಯ ಹೀಗೆ ಒಂದಕ್ಕೊಂದು ಆಧಾರವಾಗಿ ನಿಂತದ್ದರಿಂದಲೇ ಈ ಪಂಥದ ಚಿತ್ರಗಳು ಬರೀ ಸ್ಥಳಪರಿಚಯವಾಗಿ ಉಳಿಯಲಿಲ್ಲ.

ಡ್ರೆಸ್ಡೆನ್‌ನಲ್ಲಿ ಫ್ರೀಡ್ರಿಷ್‌ನ ಸುತ್ತ ಒಂದು ಬಳಗವೇ ಇತ್ತು. ವೈದ್ಯ ಹಾಗೂ ಚಿತ್ರಕಾರ ಕಾರ್ಲ್ ಗುಸ್ತಾವ್ ಕಾರುಸ್ 1831ರಲ್ಲಿ ನಿಸರ್ಗಚಿತ್ರಣ ಕುರಿತ ಪತ್ರಗಳನ್ನು ಪ್ರಕಟಿಸಿ, ಚಿತ್ರಕಾರ ಭೂಮಿಯ ಜೀವನವನ್ನೇ ಓದಬೇಕೆಂದ. ಫ್ರೀಡ್ರಿಷ್ ಇದ್ದ ಮನೆಯಲ್ಲೇ ವಾಸವಿದ್ದ ನಾರ್ವೆಯ ಯೋಹಾನ್ ಕ್ರಿಶ್ಚಿಯನ್ ಡಾಲ್ ತನ್ನ ನಾಡಿನ ಕಣಿವೆಗಳನ್ನು ಚಿತ್ರಿಸಿದ. 1842ರ ಸ್ಟಾಲ್‌ಹೈಮ್ ನೋಟ ನಾರ್ವೆಯ ಜನರಿಗೆ ತಮ್ಮ ದೇಶದ ಗುರುತೇ ಆಯಿತು. ಟಿರೋಲಿನ ಯೋಸೆಫ್ ಆಂಟನ್ ಕೋಖ್ ಮತ್ತು ಜಿನೀವಾದ ಅಲೆಕ್ಸಾಂಡರ್ ಕಲಾಮ್ ಆಲ್ಪ್ಸ್‌ನ ಜಲಪಾತ, ಬಿರುಗಾಳಿಗಳಿಗೆ ಹೆಸರಾದರು. ಸಣ್ಣ ದೇಶಗಳಿಗೆ ಬೆಟ್ಟ ಸ್ವಾತಂತ್ರ್ಯದ, ಸ್ವಾಭಿಮಾನದ ಸಂಕೇತವೂ ಆಗಿತ್ತು.

ಅಟ್ಲಾಂಟಿಕ್‌ನ ಆಚೆ

ಅಮೆರಿಕದಲ್ಲಿ ಈ ಕಲೆಗೆ ತಳಪಾಯ ಹಾಕಿದವನು ಇಂಗ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಕೋಲ್. 1825ರಲ್ಲಿ ಹಡ್ಸನ್ ನದಿಯ ಗುಂಟ ಸಾಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳನ್ನು ಚಿತ್ರಿಸಿ ಹೆಸರು ಮಾಡಿದ. ಪುರಾತನ ಅವಶೇಷಗಳಿಲ್ಲದ ಹೊಸ ದೇಶಕ್ಕೆ ಕಾಡುಬೆಟ್ಟಗಳೇ ಪ್ರಾಚೀನತೆಯನ್ನು ಒದಗಿಸಿದವು. ಕೋಲ್‌ನ ಶಿಷ್ಯ ಫ್ರೆಡರಿಕ್ ಎಡ್ವಿನ್ ಚರ್ಚ್ ಇನ್ನೂ ದೂರ ನಡೆದ. ಚಿತ್ರಕಾರರು ಉಷ್ಣವಲಯಕ್ಕೆ ಹೋಗಬೇಕೆಂದು ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಬರೆದದ್ದನ್ನು ಮನಸ್ಸಿಗೆ ತೆಗೆದುಕೊಂಡು, 1853 ಮತ್ತು 1857ರಲ್ಲಿ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಅಲೆದ.

ಅದರ ಫಲ 1859ರ ಆಂಡಿಸ್‌ನ ಹೃದಯ. ಸುಮಾರು ಮೂರು ಮೀಟರ್ ಅಗಲದ ಈ ಚಿತ್ರ ನ್ಯೂಯಾರ್ಕಿನಲ್ಲಿ ಒಂದೇ ಕೃತಿಯ ಪ್ರದರ್ಶನವಾಗಿ ತೆರೆದುಕೊಂಡಿತು. ಪರದೆ ಇಳಿಬಿಟ್ಟ ಕಿಟಕಿಯಂಥ ಭಾರಿ ಮರದ ಚೌಕಟ್ಟು, ಕತ್ತಲಾದ ಕೋಣೆ, ಪಟದ ಮೇಲಷ್ಟೇ ಬೆಳಕು, ಪ್ರವೇಶಕ್ಕೆ 25 ಸೆಂಟ್. ಮೂರು ವಾರಗಳಲ್ಲಿ 12 ಸಾವಿರಕ್ಕೂ ಹೆಚ್ಚು ಜನ ಸರತಿಯಲ್ಲಿ ನಿಂತು ನೋಡಿದರು. ದುರ್ಬೀನು ಹಿಡಿದು ನೋಡಿದವರಿಗೆ ಹಿಮ ಹೊದ್ದ ಶಿಖರದಿಂದ ಮುಂಭಾಗದ ಎಲೆಯವರೆಗೆ ಎಲ್ಲವೂ ನಿಚ್ಚಳ. ಎಡಗಡೆಯ ಮರದ ಬೊಡ್ಡೆಯ ಮೇಲೆ ಚಿತ್ರಕಾರನ ಹೆಸರು ಕೊರೆದಂತೆ ಕಾಣುತ್ತದೆ. ಹಿಮದಿಂದ ಉಷ್ಣವಲಯದ ಕಾಡಿನವರೆಗಿನ ಎಲ್ಲ ಹವಾಗುಣಗಳೂ ಒಂದೇ ನೋಟದಲ್ಲಿ ಬರುವಂತೆ ಹಲವು ಕರಡುಗಳನ್ನು ಹೆಣೆದದ್ದು ಹಂಬೋಲ್ಟ್‌ನ ಪಾಠವೇ. ಬರ್ಲಿನ್ನಿಗೆ ಕಳಿಸಿ ಆ ಹಿರಿಯನಿಗೆ ತೋರಿಸಬೇಕೆಂಬ ಚರ್ಚ್‌ನ ಆಸೆ ಈಡೇರಲಿಲ್ಲ. 1859ರ ಮೇ 6ರಂದು ಹಂಬೋಲ್ಟ್ ತೀರಿಕೊಂಡ. ಚಿತ್ರ 10,000 ಡಾಲರಿಗೆ ಮಾರಾಟವಾಯಿತು. ಬದುಕಿದ್ದ ಅಮೆರಿಕನ್ ಕಲಾವಿದನೊಬ್ಬನಿಗೆ ಅದುವರೆಗೆ ಅಷ್ಟು ಬೆಲೆ ಸಿಕ್ಕಿರಲಿಲ್ಲ.

ಜರ್ಮನಿಯಲ್ಲಿ ಹುಟ್ಟಿ ಡ್ಯುಸೆಲ್‌ಡಾರ್ಫ್‌ನಲ್ಲಿ ಕಲಿತ ಆಲ್ಬರ್ಟ್ ಬಿಯರ್‌ಸ್ಟಾಟ್ 1859ರಲ್ಲಿ ಸರ್ಕಾರದ ಸಮೀಕ್ಷಾ ತಂಡದ ಜೊತೆ ರಾಕಿ ಪರ್ವತಗಳಿಗೆ ಹೋದ. 1863ರ ಆತನ ಲ್ಯಾಂಡರ್ಸ್ ಶಿಖರದ ಚಿತ್ರ ಎರಡು ವರ್ಷಗಳಲ್ಲಿ 25,000 ಡಾಲರಿಗೆ ಹೋಯಿತು. ಅದರ ಮುಂಭಾಗದಲ್ಲಿ ಶೋಶೋನಿ ಜನರ ಬೀಡು ನೆಮ್ಮದಿಯಾಗಿ ಹರಡಿದೆ. ಅದೇ ವರ್ಷಗಳಲ್ಲಿ ಅಂಥ ಬುಡಕಟ್ಟುಗಳ ನೆಲ ಬಲವಂತದಿಂದ ಕೈತಪ್ಪುತ್ತಿತ್ತು. ಈ ಚಿತ್ರಗಳು ಪಶ್ಚಿಮದತ್ತ ಹೊರಟ ವಲಸಿಗರಿಗೆ ಆ ನಾಡನ್ನು ಕೈಬೀಸಿ ಕರೆಯುವ ಸ್ವರ್ಗವಾಗಿ ತೋರಿಸಿದವು; ಅಲ್ಲಿದ್ದವರು ತೆತ್ತ ಬೆಲೆ ಪಟದೊಳಗೆ ಬರಲಿಲ್ಲ. ಇನ್ನೊಂದೆಡೆ ಇದೇ ಕಲೆ ನಿಸರ್ಗ ರಕ್ಷಣೆಗೂ ನೆರವಾಯಿತು. 1871ರ ಸರ್ಕಾರಿ ಸಮೀಕ್ಷೆಯಲ್ಲಿ ಥಾಮಸ್ ಮೊರಾನ್ ಬರೆದ ಯೆಲ್ಲೋಸ್ಟೋನ್ ಜಲವರ್ಣಗಳೂ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಛಾಯಾಚಿತ್ರಗಳೂ ವಾಷಿಂಗ್ಟನ್ನಿನ ಶಾಸಕರ ಮನವೊಲಿಸಲು ಬಳಕೆಯಾದವು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಕಮರಿಯ ಮೊರಾನ್‌ನ ದೊಡ್ಡ ತೈಲಚಿತ್ರವನ್ನು ಕಾಂಗ್ರೆಸ್ 10,000 ಡಾಲರಿಗೆ ಕೊಂಡಿತು.

ಭಾರತದ ಬೆಟ್ಟಗಳು

ಬ್ರಿಟಿಷ್ ಚಿತ್ರಕಾರರು ಇದೇ ಕಣ್ಣನ್ನು ಭಾರತಕ್ಕೂ ತಂದರು. ಥಾಮಸ್ ಡೇನಿಯಲ್ ಮತ್ತು ಆತನ ಸಹೋದರನ ಮಗ ವಿಲಿಯಂ 1789ರಲ್ಲಿ ಗಢ್‌ವಾಲಿನ ಶ್ರೀನಗರದವರೆಗೆ ಹೋದರು. ಅವರ ಭಾರತ ಪ್ರವಾಸದ 144 ಮುದ್ರಿತ ಚಿತ್ರಗಳು 1795ರಿಂದ 1808ರವರೆಗೆ ಲಂಡನ್ನಿನಲ್ಲಿ ಹೊರಬಂದವು. ಜೇಮ್ಸ್ ಬೈಲಿ ಫ್ರೇಸರ್‌ನ ಹಿಮಾಲಯದ ನೋಟಗಳು 1820ರಲ್ಲಿ ಪ್ರಕಟವಾದವು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದ ರಾಬರ್ಟ್ ಹೋಮ್ ನಂದಿದುರ್ಗ, ಸಾವನದುರ್ಗ, ಶಿವಗಂಗೆಗಳನ್ನು ಚಿತ್ರಿಸಿ 1794ರಲ್ಲಿ ಟಿಪ್ಪುವಿನ ನಾಡಿನ ಆಯ್ದ ನೋಟಗಳೆಂದು ಪ್ರಕಟಿಸಿದ. ನಂದಿದುರ್ಗ, ಸಾವನದುರ್ಗಗಳೆರಡೂ ಬ್ರಿಟಿಷರ ವಶವಾದದ್ದು 1791ರಲ್ಲಿ. ಹೀಗಾಗಿ ಆ ಬೋಳುಬಂಡೆಗಳ ಭವ್ಯತೆಯ ಹಿಂದೆ ವಿಜಯದ ವರದಿಯೂ ಇದೆ. ಸೌಂದರ್ಯದ ನೋಟ ಮತ್ತು ಸೈನ್ಯದ ನೋಟ ಒಂದೇ ಪಟದಲ್ಲಿ ಬೆರೆತದ್ದಕ್ಕೆ ಇವು ಒಳ್ಳೆಯ ನಿದರ್ಶನ.

ಇಳಿತ ಮತ್ತು ಮರುಹುಟ್ಟು

1860ರ ದಶಕದಿಂದ ಬೆಟ್ಟ ಜನರಿಗೆ ಹತ್ತಿರವಾಯಿತು, ಚಿತ್ರದ ಬಿಗಿ ಸಡಿಲವಾಯಿತು. ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ 1857ರಲ್ಲೇ ಹುಟ್ಟಿತ್ತು. 1863ರಲ್ಲಿ ಥಾಮಸ್ ಕುಕ್ ಪ್ರವಾಸಿಗರನ್ನು ಗುಂಪಾಗಿ ಸ್ವಿಟ್ಜರ್ಲೆಂಡಿಗೆ ಕರೆದೊಯ್ದ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವೂ ಮಣಿಯಿತು. 1871ರಲ್ಲಿ ಟರ್ನರನ ರೀಗಿಯ ಮೇಲೆ ಹಲ್ಲುಗಾಲಿಯ ರೈಲು ಏರಿತು. ಛಾಯಾಚಿತ್ರ ವಿವರವನ್ನು ಅಗ್ಗವಾಗಿ ಕೊಡತೊಡಗಿತು. ಪ್ಯಾರಿಸ್ಸಿನ ಹೊಸ ಪೀಳಿಗೆಯ ಚಿತ್ರಕಾರರು ನದಿದಂಡೆ, ಬೀದಿ, ತೋಟಗಳ ಬೆಳಕಿನತ್ತ ತಿರುಗಿದರು. 1889ರ ಪ್ಯಾರಿಸ್ ಮೇಳಕ್ಕೆ ಬಿಯರ್‌ಸ್ಟಾಟ್ ಕಳಿಸಲು ಬಯಸಿದ ಚಿತ್ರವನ್ನು ಅಮೆರಿಕದ ಆಯ್ಕೆ ಸಮಿತಿ ತಿರಸ್ಕರಿಸಿತು.

ಫ್ರೀಡ್ರಿಷ್‌ನ ಪಾಲಿಗೆ ಮರೆವು ಇನ್ನೂ ಬೇಗ ಬಂದಿತ್ತು. 1835ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ 1840ರಲ್ಲಿ ಬಡತನದಲ್ಲಿ ತೀರಿಕೊಂಡ ಆತನನ್ನು ಕಲಾಲೋಕ ಅರ್ಧ ಶತಮಾನ ಮರೆತೇಬಿಟ್ಟಿತು. ನಾರ್ವೆಯ ಕಲಾ ಇತಿಹಾಸಕಾರ ಆಂಡ್ರಿಯಾಸ್ ಔಬರ್ಟ್ ಆತನನ್ನು ಮತ್ತೆ ಬೆಳಕಿಗೆ ತಂದ. 1906ರಲ್ಲಿ ಬರ್ಲಿನ್ನಿನಲ್ಲಿ ನಡೆದ ಜರ್ಮನ್ ಕಲೆಯ ಶತಮಾನದ ಪ್ರದರ್ಶನ ಆತನಿಗೆ ಸಲ್ಲಬೇಕಾದ ಸ್ಥಾನ ಕೊಟ್ಟಿತು. ನಾಜಿಗಳು ಆತನ ಬೆಟ್ಟಗಳನ್ನು ತಮ್ಮ ಜನಾಂಗವಾದಕ್ಕೆ ಎಳೆದುಕೊಂಡದ್ದರಿಂದ ಆ ಹೆಸರಿಗೆ ಕಳಂಕ ತಟ್ಟಿತು. ಅದೇ ಆಡಳಿತದ ಕಿರುಕುಳದಿಂದ 1937ರಲ್ಲಿ ವಾಟ್ಸ್‌ಮಾನ್ ಚಿತ್ರವನ್ನು ಅದರ ಯಹೂದಿ ಒಡೆಯ ಮಾರಬೇಕಾಯಿತು. 2002ರಲ್ಲಿ ಅದರ ಹಕ್ಕು ಆತನ ವಾರಸುದಾರರಿಗೆ ಮರಳಿತು. ಯುದ್ಧಾನಂತರದ ವಿದ್ವಾಂಸರು ಆ ಚಿತ್ರಗಳ ಮೂಲ ಅರ್ಥವನ್ನು ತಾಳ್ಮೆಯಿಂದ ಬಿಡಿಸಿದರು. 1970ರಲ್ಲಿ ಅಲೆಮಾರಿಯ ಚಿತ್ರ ಹ್ಯಾಂಬರ್ಗಿನ ಕಲಾಸಂಗ್ರಹಾಲಯ ಸೇರಿತು. 2007ರಲ್ಲಿ ಟರ್ನರನ ನೀಲಿ ರೀಗಿ ಬ್ರಿಟನ್ನಿನಿಂದ ಹೊರಹೋಗದಂತೆ ಸಾರ್ವಜನಿಕರೂ ಹಣ ಕೂಡಿಸಿದರು. ಟೇಟ್ ಸಂಗ್ರಹಾಲಯ ಸುಮಾರು 50 ಲಕ್ಷ ಪೌಂಡಿಗೆ ಅದನ್ನು ಕೊಂಡಿತು. ಫ್ರೀಡ್ರಿಷ್ ಹುಟ್ಟಿ 250 ವರ್ಷ ತುಂಬಿದ 2024ರಲ್ಲಿ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್ ನಗರಗಳಲ್ಲಿ ದೊಡ್ಡ ಪ್ರದರ್ಶನಗಳು ನಡೆದವು. ಈ ಚಿತ್ರಗಳು ಹುಟ್ಟಿದ ಕಾಲದ ಧರ್ಮವಿವಾದ, ಯುದ್ಧ, ವಿಜ್ಞಾನಗಳೆಲ್ಲ ಹಳೆಯದಾಗಿವೆ. ಅಗಾಧವಾದದ್ದರ ಎದುರು ತನ್ನ ಅಳತೆಯನ್ನು ತಿಳಿದುಕೊಳ್ಳುವ ಮನುಷ್ಯನ ಅಗತ್ಯ ಹಳೆಯದಾಗಿಲ್ಲ. ಅದಕ್ಕೆ ಶ್ರದ್ಧೆಯಿಂದ ರೂಪ ಕೊಟ್ಟದ್ದರಿಂದಲೇ ಈ ಪಟಗಳು ಇಂದಿಗೂ ಜನರನ್ನು ತಮ್ಮೆದುರು ನಿಲ್ಲಿಸಿಕೊಳ್ಳುತ್ತವೆ.